ಯೋಜನೆ ಮುಗಿಯುವ ಮುನ್ನ ಸಂಘ ಕಟ್ಟುವ ಬಗೆ

ಗ್ರಾಮಸಭೆಗೆ ಜನರನ್ನು ಕರೆತರುವುದು, ಪಂಚಾಯಿತಿ ಸದಸ್ಯರಿಗೆ ಆಯವ್ಯಯ ಓದಲು ಕಲಿಸುವುದು, ಮಾಹಿತಿ ಹಕ್ಕಿನ ಅರ್ಜಿ ಬರೆಯಲು ನೆರವಾಗುವುದು ಮುಂತಾದ ಕೆಲಸಗಳಿಗೆಂದು ಹೊರಗಿನ ಅನುದಾನದಲ್ಲಿ ನಡೆಯುವ ಆಡಳಿತ ಬೆಂಬಲ ಯೋಜನೆಗಳು ಯಾವಾಗ ಮುಗಿಯುತ್ತವೆ ಎಂಬುದು ಆರಂಭದಲ್ಲೇ ಗೊತ್ತಿರುತ್ತದೆ. ಆಮೇಲೂ ಕೆಲಸ ಮುಂದುವರಿಯಬೇಕೆನ್ನುವ ತಂಡ ಎರಡು ವರ್ಷ ಮೊದಲೇ ಸ್ವತಂತ್ರ ಸಂಸ್ಥೆಯಾಗಲು ಸಿದ್ಧತೆ ಆರಂಭಿಸಬೇಕು. ಉತ್ತರ ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. 1990ರ ದಶಕದಲ್ಲಿ ಬ್ರಿಟಿಷ್ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆಯ ಆಸರೆಯಲ್ಲಿ ಹುಟ್ಟಿದ ಗ್ರಾಮ ಅರಣ್ಯ ಸಮಿತಿಗಳಲ್ಲಿ ಹಲವು, ಹಣ ನಿಂತ ಮೇಲೆ ಕಾಗದದಲ್ಲಷ್ಟೇ ಉಳಿದವು.

ನೋಂದಣಿಗೆ ಓಡುವ ಮೊದಲು ಸದಸ್ಯರು ಯಾರೆಂದು ತೀರ್ಮಾನಿಸಬೇಕು. ಯೋಜನೆ ಲೆಕ್ಕ ಒಪ್ಪಿಸುವುದು ಅನುದಾನ ಕೊಟ್ಟವರಿಗೆ, ಸಂಘ ಲೆಕ್ಕ ಒಪ್ಪಿಸಬೇಕಾದದ್ದು ಸದಸ್ಯರಿಗೆ. ಹಾಗಿರುವಾಗ ಸಿಬ್ಬಂದಿ ಮತ್ತು ಅವರ ನೆಂಟರಿಷ್ಟರೇ ಸದಸ್ಯರಾದರೆ ಫಲಕದ ಮೇಲಿನ ಹೆಸರೊಂದು ಬದಲಾದೀತು, ಅಷ್ಟೇ. ಅಂಕೋಲಾ, ಕುಮಟಾದ ಮೀನುಗಾರರು, ಸಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರು, ಸ್ವಸಹಾಯ ಸಂಘದ ಮಹಿಳೆಯರು, ಹಾಲಕ್ಕಿ ಮತ್ತು ಸಿದ್ದಿ ಸಮುದಾಯದವರು ಚಿಕ್ಕದಾದರೂ ತಮ್ಮದೇ ಹಣದ ಶುಲ್ಕ ಕೊಟ್ಟು ಸೇರುವಂತಿರಬೇಕು. ಸಿರಸಿಯ ಅಡಿಕೆ ಮಾರಾಟ ಸಹಕಾರ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿ 1923ರಿಂದ ನಿಂತಿರುವುದು ಬೆಳೆಗಾರ ಸದಸ್ಯರ ಬಲದಿಂದ. ನಾಗರಿಕ ಸಂಸ್ಥೆಗೆ ಅಂಥ ವ್ಯಾಪಾರದ ಆದಾಯವಿಲ್ಲ, ನಿಜ. ಒಡೆತನದ ಪ್ರಶ್ನೆ ಮಾತ್ರ ಎರಡಕ್ಕೂ ಒಂದೇ.

ಬಳಿಕ ಸಂಸ್ಥೆಯ ಸ್ವರೂಪ. ಟ್ರಸ್ಟ್ ಸುಲಭ, ಆದರೆ ಅಧಿಕಾರ ಕೆಲವೇ ಟ್ರಸ್ಟಿಗಳ ಕೈಯಲ್ಲಿ ಉಳಿಯುತ್ತದೆ. 2013ರ ಕಂಪನಿ ಕಾಯ್ದೆಯ 8ನೇ ಕಲಮಿನ, ಅಂದರೆ ಲಾಭ ಹಂಚಿಕೊಳ್ಳದ ಸೇವಾ ಉದ್ದೇಶದ ಕಂಪನಿಗೆ ವರ್ಷವರ್ಷದ ಲೆಕ್ಕಪತ್ರದ ಖರ್ಚು ಭಾರ. ಪಂಚಾಯಿತಿಗಳಿಗೆ ಪಾರದರ್ಶಕತೆ ಹೇಳಿಕೊಟ್ಟ ತಂಡಕ್ಕೆ, ಸದಸ್ಯರೇ ಆಡಳಿತ ಮಂಡಳಿಯನ್ನು ಚುನಾಯಿಸುವ ಸಂಘವೇ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಿದರೆ ಸಂಘ ನೋಂದಾಯಿಸಬಹುದು. ಅರ್ಜಿ ಹೋಗುವುದು ಸಂಘಗಳ ಜಿಲ್ಲಾ ನೋಂದಣಾಧಿಕಾರಿಗೆ; ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬರುವವರು ಗುರುತಿನ ದಾಖಲೆ, ಕಚೇರಿ ವಿಳಾಸದ ಪುರಾವೆ ಮತ್ತು ಸಹಿಗಳನ್ನು ಮನೆಯಲ್ಲೇ ತಾಳೆ ನೋಡಿಕೊಂಡರೆ ಒಂದು ಇಡೀ ದಿನದ ಓಡಾಟ ಉಳಿದೀತು.

ಸಂಘದ ಒಳನಿಯಮಗಳಾದ ಬೈಲಾವನ್ನು ಬೇರೆ ಸಂಘದ್ದರಿಂದ ನಕಲು ಮಾಡಬಾರದು. ಪದಾಧಿಕಾರಿಗಳ ಅವಧಿ, ಸಭೆಯ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ), ಸಂಬಳ ಪಡೆಯುವ ಸಿಬ್ಬಂದಿಗೆ ಮಂಡಳಿಯಲ್ಲಿ ಮತವಿಲ್ಲವೆಂಬ ನಿಯಮ, ಹಾಲಿ ಪಂಚಾಯಿತಿ ಸದಸ್ಯರು ಪದಾಧಿಕಾರಿಗಳಾಗಬಹುದೇ ಎಂಬ ನಿರ್ಧಾರ, ಇವೆಲ್ಲವನ್ನೂ ಸದಸ್ಯರೆದುರು ಓದಿ, ಚರ್ಚಿಸಿ ಬರೆಯಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸುವುದು ಕಡ್ಡಾಯ.

ಹೆಚ್ಚಿನ ತಂಡಗಳು ಎಡವುವುದು ಹಣದ ವಿಷಯದಲ್ಲಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕೆಂದರೆ ಸಂಸ್ಥೆಗೆ ಸಾಮಾನ್ಯವಾಗಿ 3 ವರ್ಷ ತುಂಬಿರಬೇಕು ಮತ್ತು ಆ ಅವಧಿಯಲ್ಲಿ ತನ್ನ ಮೂಲ ಉದ್ದೇಶಗಳಿಗೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಯೋಜನೆ ನಡೆಸುತ್ತಿದ್ದ ಮಾತೃಸಂಸ್ಥೆ ತನ್ನಲ್ಲಿ ಉಳಿದ ವಿದೇಶಿ ಹಣವನ್ನು ಹೊಸ ಸಂಘಕ್ಕೆ ದಾಟಿಸೋಣವೆಂದರೆ, 2020ರ ತಿದ್ದುಪಡಿ ಅಂಥ ವರ್ಗಾವಣೆಯನ್ನೇ ನಿಷೇಧಿಸಿದೆ. ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಮೊತ್ತ ಪಡೆಯಲು ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಕೇಳಬಹುದಾದರೂ ಅದನ್ನೇ ನಂಬಿ ಸಿಬ್ಬಂದಿಗೆ ಸಂಬಳದ ಭರವಸೆ ಕೊಡುವುದು ಸರಿಯಲ್ಲ. ಆದ್ದರಿಂದ ಮೊದಲ ಮೂರು ವರ್ಷದ ಖರ್ಚನ್ನು ಸದಸ್ಯತ್ವ ಶುಲ್ಕ, ಸ್ಥಳೀಯ ದೇಣಿಗೆ, ತರಬೇತಿ ಶುಲ್ಕ ಮತ್ತು ದೇಶದೊಳಗಿನ ಅನುದಾನಕ್ಕೆ ಹೊಂದಿಸಿ, ಅಗತ್ಯವಿದ್ದರೆ ಸಿಬ್ಬಂದಿಯನ್ನು ಕಡಿಮೆ ಮಾಡಿಯಾದರೂ ಲೆಕ್ಕ ಹಾಕಬೇಕು. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ ಆದಾಯ ತೆರಿಗೆ ಇಲಾಖೆಯ ನೋಂದಣಿ, ಅನುಮೋದನೆಗಳಿಗೂ ಅರ್ಜಿ ಹಾಕಬೇಕು.

ಕಂಪ್ಯೂಟರ್, ವಾಹನ, ಸಮೀಕ್ಷೆಯ ದಾಖಲೆಗಳನ್ನು ಅನುದಾನ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಸಂಘದ ಹೆಸರಿಗೆ ತರಬಾರದು. ಸಿಬ್ಬಂದಿಯ ಬಾಕಿಯನ್ನು ಮಾತೃಸಂಸ್ಥೆಯೇ ತೀರಿಸಿ ಮುಗಿಸಲಿ.

ಇನ್ನು ಪಂಚಾಯಿತಿಗಳ ಜತೆಗಿನ ಸಂಬಂಧ. ಈವರೆಗೆ ಜಿಲ್ಲಾ ಪಂಚಾಯಿತಿಯ ಪತ್ರ ಹಿಡಿದು ಒಳಹೋಗುತ್ತಿದ್ದವರಿಗೆ ಆ ಪತ್ರದ ಅವಧಿ ಯೋಜನೆಯೊಂದಿಗೇ ಮುಗಿಯುತ್ತದೆ. ಪ್ರತಿ ಗ್ರಾಮ ಪಂಚಾಯಿತಿಗೂ ಹೊಸ ಸಂಘದ ನೋಂದಣಿ ಪತ್ರದ ಪ್ರತಿಯೊಂದಿಗೆ ಪರಿಚಯ ಪತ್ರ ಕೊಟ್ಟು, ಯಾವ ಕೆಲಸ ಮುಂದುವರಿಯುತ್ತದೆ, ಯಾವುದು ನಿಲ್ಲುತ್ತದೆ ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲೇ ತಿಳಿಸಬೇಕು.