ಕರ್ಣನ ಗುಟ್ಟು ಯಾರಿಗೆ ಗೊತ್ತಿತ್ತು?

ಪಾತ್ರಗಳನ್ನು ಹೋಲಿಸಿ ಬರೆಯಿರಿ ಎಂದ ಕೂಡಲೇ ವಿದ್ಯಾರ್ಥಿಗಳು ಗುಣಗಳ ಪಟ್ಟಿ ಮಾಡುತ್ತಾರೆ. ಕರ್ಣ ದಾನಶೂರ, ಸ್ವಾಮಿನಿಷ್ಠ, ನತದೃಷ್ಟ. ದುರ್ಯೋಧನ ಛಲಗಾರ, ಅಭಿಮಾನಧನ. ಈ ಮಾತುಗಳು ಪಂಪನ ಕಾವ್ಯಕ್ಕೂ ಒಪ್ಪುತ್ತವೆ, ಕುಮಾರವ್ಯಾಸನ ಕಾವ್ಯಕ್ಕೂ ಒಪ್ಪುತ್ತವೆ. ಎಲ್ಲರಿಗೂ ಒಪ್ಪುವ ಮಾತನ್ನು ಹಿಡಿದು ಒಬ್ಬ ಕವಿಯನ್ನು ಇನ್ನೊಬ್ಬನಿಂದ ಬೇರೆಯಾಗಿ ಕಾಣುವುದು ಸಾಧ್ಯವಿಲ್ಲ. ಪದವಿ ತರಗತಿಗಳಿಗೆ ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಪಾಠ ಮಾಡುತ್ತ ನಾನು ಇನ್ನೊಂದು ದಾರಿ ಹಿಡಿದೆ. ಗುಣಗಳನ್ನು ಪಕ್ಕಕ್ಕಿಟ್ಟು, ಎಲ್ಲ ಕಾವ್ಯಗಳಿಗೂ ಒಂದೇ ಒಂದು ಚಿಕ್ಕ ಪ್ರಶ್ನೆ ಕೇಳುವುದು. ನಾನು ಆರಿಸಿಕೊಂಡ ಪ್ರಶ್ನೆ ಇದು: ಕರ್ಣನ ಹುಟ್ಟಿನ ಗುಟ್ಟು ಯಾರಿಗೆ, ಯಾವಾಗ ಗೊತ್ತಾಯಿತು?

ಮೊದಲು ಸಂಸ್ಕೃತ ಮೂಲವಾದ ವ್ಯಾಸಭಾರತ. ಇಲ್ಲಿ ಸಂಗ್ರಹ ಸಾಲದು ಎಂಬುದನ್ನು ಒತ್ತಿ ಹೇಳಬೇಕು. ಎ.ಆರ್. ಕೃಷ್ಣಶಾಸ್ತ್ರಿಗಳು ಮಹಾಭಾರತವನ್ನು ಕನ್ನಡ ಗದ್ಯದಲ್ಲಿ ಸಂಗ್ರಹಿಸಿದ 'ವಚನಭಾರತ' ನನಗೆ ಬಹಳ ಪ್ರಿಯವಾದ ಪುಸ್ತಕ. ಆದರೆ ಕನ್ನಡ ಕವಿ ಏನನ್ನು ಬಿಟ್ಟ, ಏನನ್ನು ಸೇರಿಸಿದ ಎಂದು ತಿಳಿಯಬೇಕಾದರೆ ಉದ್ಯೋಗಪರ್ವದ ಪೂರ್ಣ ಅನುವಾದವನ್ನೇ ಎದುರಿಗಿಟ್ಟುಕೊಳ್ಳಬೇಕು. ಅಲ್ಲಿ ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಹೋಗಿ, ನೀನು ಕುಂತಿಯ ಮಗ ಎನ್ನುತ್ತಾನೆ. ಕರ್ಣ ಬೆಚ್ಚುವುದಿಲ್ಲ. ಅವನಿಗೆ ಅದು ಮೊದಲೇ ಗೊತ್ತು. ಅಧಿರಥ ತನ್ನನ್ನು ಮನೆಗೆ ತಂದಾಗ ರಾಧೆಯ ಎದೆಯಲ್ಲಿ ಹಾಲು ಉಕ್ಕಿದ್ದನ್ನು, ಸೂತಕುಲದ ಹೆಣ್ಣುಗಳನ್ನು ತಾನು ಮದುವೆಯಾಗಿ ಮಕ್ಕಳನ್ನು ಪಡೆದದ್ದನ್ನು ಶಾಂತವಾಗಿ ಹೇಳುತ್ತಾನೆ. ಜೊತೆಗೆ, ಈ ಮಾತು ಯುಧಿಷ್ಠಿರನಿಗೆ ತಿಳಿಯದಿರಲಿ ಎಂದು ಕೃಷ್ಣನನ್ನೇ ಕೇಳಿಕೊಳ್ಳುತ್ತಾನೆ. ತಿಳಿದರೆ ಅವನು ರಾಜ್ಯವನ್ನು ನನಗೆ ಒಪ್ಪಿಸುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಎನ್ನುತ್ತಾನೆ. ಗುಟ್ಟನ್ನು ಕಾಯುವವನು ಇಲ್ಲಿ ಕರ್ಣನೇ. ಯುಧಿಷ್ಠಿರನಿಗೆ ಅದು ತಿಳಿಯುವುದು ಯುದ್ಧ ಮುಗಿದು, ಸತ್ತವರಿಗೆ ತರ್ಪಣ ಬಿಡುವ ಹೊತ್ತಿನಲ್ಲಿ.

ಇನ್ನು ಪಂಪ. ಕ್ರಿ.ಶ. 941ರ ಸುಮಾರಿನ 'ವಿಕ್ರಮಾರ್ಜುನ ವಿಜಯ'ದ (ಇದೇ 'ಪಂಪಭಾರತ') ಒಂಬತ್ತನೆಯ ಆಶ್ವಾಸವನ್ನು, ಎಂದರೆ ಅಧ್ಯಾಯವನ್ನು, ನಾನು ಡಿ.ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ'ಯ ನೆರವಿನಿಂದ ಓದಿದೆ. ಮೊದಲು ಪದ್ಯವನ್ನು ಗಟ್ಟಿಯಾಗಿ ಓದುವುದು, ಆಮೇಲೆ ಪದ ಬಿಡಿಸುವುದು, ಕೊನೆಗೆ ಅನ್ವಯ ಮಾಡಿಕೊಳ್ಳುವುದು, ಎಂದರೆ ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸಿಕೊಳ್ಳುವುದು. ಈ ಕ್ರಮವನ್ನು ಬಿಟ್ಟು ನೇರವಾಗಿ ಗದ್ಯಾನುವಾದಕ್ಕೆ ಹಾರಿದವರಿಗೆ ಪಂಪ ಸಿಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಂಪನ ಕೃಷ್ಣ ಕರ್ಣನಿಗೆ ಹುಟ್ಟಿನ ಸುದ್ದಿಯನ್ನಷ್ಟೇ ಹೇಳುವುದಿಲ್ಲ. ಇನ್ನೂ ಹರಿತವಾದ ಒಂದು ಮಾತು ಸೇರಿಸುತ್ತಾನೆ. ಸತ್ಯಂತಪನೆಂಬ ಋಷಿಯಿಂದ ದುರ್ಯೋಧನನಿಗೆ ನಿನ್ನ ಹುಟ್ಟು ಮೊದಲೇ ತಿಳಿದಿತ್ತು, ಮುಳ್ಳಿನಿಂದ ಮುಳ್ಳು ತೆಗೆಯುವ ಹಾಗೆ ಪಾಂಡವರ ಮೇಲೆ ಬಳಸಲೆಂದೇ ಅವನು ನಿನ್ನನ್ನು ಸಾಕಿದ ಎನ್ನುತ್ತಾನೆ. ವ್ಯಾಸರಲ್ಲಿ ಇಲ್ಲದ ಈ ಮಾತು ಕಣ್ಣಿಗೆ ಬಿದ್ದ ದಿನ ನನ್ನ ಓದು ತಿರುವು ಪಡೆಯಿತು. ಗುಟ್ಟು ಈಗ ದುರ್ಯೋಧನನ ಕೈಗೆ ಬಂದಿದೆ. ಕೃಷ್ಣ ಮುರಿಯಲು ಹೊರಟದ್ದು ಕರ್ಣನ ನಿಷ್ಠೆಯನ್ನಲ್ಲ, ಆ ಸ್ನೇಹದ ಮೇಲೆ ಅವನಿಗಿದ್ದ ನಂಬಿಕೆಯನ್ನು. ಆದರೂ ಕರ್ಣ ಅಲುಗುವುದಿಲ್ಲ. ದುರ್ಯೋಧನನ ಹೆಂಡತಿ ಭಾನುಮತಿಯೊಡನೆ ನೆತ್ತ (ಪಗಡೆ) ಆಡಿದಾಗ ಹರಿದು ಚೆಲ್ಲಿದ ಮುತ್ತುಗಳನ್ನು 'ಆಯ್ದು ಕೊಡಲೇ' ಎಂದು ಕೇಳಿದ ಒಡೆಯನನ್ನು ಬಿಟ್ಟು ಬರುವುದು ಹೇಗೆ ಎಂಬ ನೆನಪೇ ಅವನ ಕೈಲಿರುವ ಸಾಕ್ಷಿ. ಆ ಪದ್ಯದ ಅರ್ಥದ ಬಗ್ಗೆ ವಿದ್ವಾಂಸರು ಬಹಳ ಕಾಲ ವಾದಿಸಿದ್ದಾರೆ. ಕೃಷ್ಣನ ಆರೋಪದ ಪಕ್ಕದಲ್ಲಿಟ್ಟು ಓದಿದಾಗ ಅದು ಆರೋಪಕ್ಕೆ ಕೊಟ್ಟ ಉತ್ತರವಾಗಿ ನನಗೆ ಕಾಣುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ರನ್ನನ 'ಗದಾಯುದ್ಧ'ಕ್ಕೆ ಹೋದೆ. ಪಂಪನ ಹದಿಮೂರನೆಯ ಆಶ್ವಾಸದ ಬೀಜದಿಂದ ಬೆಳೆದ ಕಾವ್ಯ ಅದು. ರಣರಂಗದಲ್ಲಿ ಸಂಜಯನೊಡನೆ ನಡೆಯುವ ದುರ್ಯೋಧನ ಕರ್ಣನ ಶವದ ಮುಂದೆ ನಿಂತು ಹೇಳುತ್ತಾನೆ:

ಆನರಿವೆಂ ಪೃಥೆಯರಿವಳ್
ದಾನವರಿಪುವರಿವನರ್ಕನರಿವಂ ದಿವ್ಯ
ಜ್ಞಾನಿ ಸಹದೇವನರಿವಂ
ನೀನಾರ್ಗೆಂದಾರುಮರಿಯರಂಗಾಧಿಪತೀ

ಅಂಗರಾಜನೇ, ನೀನು ಯಾರೆಂದು ನಾನು ಬಲ್ಲೆ, ಪೃಥೆ (ಕುಂತಿ) ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ದಿವ್ಯಜ್ಞಾನಿ ಸಹದೇವ ಬಲ್ಲ, ಬೇರೆ ಯಾರೂ ಅರಿಯರು ಎಂದು ಇದರ ಅರ್ಥ. ಪಟ್ಟಿಯ ಮೊದಲ ಹೆಸರು ತನ್ನದೇ. ಈ ಪದ್ಯವನ್ನು ಹಲವರು ಬಾಯಿಪಾಠವಾಗಿ ಬಲ್ಲರು, ಶೋಕದ ಉತ್ತಮ ಮಾದರಿಯೆಂದು ಹೊಗಳುತ್ತಾರೆ. ಪಂಪನ ಕೃಷ್ಣ ಆಡಿದ ಮಾತನ್ನು ಇದರ ಪಕ್ಕಕ್ಕೆ ತಂದರೆ ಶೋಕದ ಜೊತೆಗೆ ಇನ್ನೊಂದು ಕೇಳಿಸುತ್ತದೆ. ದುರ್ಯೋಧನ ಒಪ್ಪಿಕೊಳ್ಳುತ್ತಿದ್ದಾನೆ: ಹೌದು, ನನಗೆ ಗೊತ್ತಿತ್ತು. ಹಾಗಾದರೆ ಸ್ನೇಹ ಬರಿಯ ಲೆಕ್ಕಾಚಾರವಾಗಿತ್ತೇ? ಕರ್ಣ ಸತ್ತಿದ್ದಾನೆ, ಅವನಿಂದ ಇನ್ನು ಯಾವ ಲಾಭವೂ ಇಲ್ಲ. ಆಗಲೂ ಈ ದೊರೆ 'ನೀನುಳ್ಳೊಡುಂಟು ರಾಜ್ಯಂ' (ನೀನಿದ್ದರೆ ರಾಜ್ಯ ಉಂಟು) ಎನ್ನುತ್ತಾನೆ. ಮುಂದೆ ಭೀಷ್ಮನ ಎದುರು 'ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ' (ನೆಲಕ್ಕಾಗಿ ಹೋರಾಡುತ್ತೇನೆಂದು ತಿಳಿದಿರಾ, ಛಲಕ್ಕಾಗಿ ಹೋರಾಡುತ್ತೇನೆ) ಎಂದು ಸಿಡಿಯುವಾಗಲೂ ಕಾರಣ ಅದೇ: ಕರ್ಣನನ್ನು ಕೊಲ್ಲಿಸಿದ ನೆಲ ತನಗೆ ಪಾಳುನೆಲ. ಪಂಪ ಕೃಷ್ಣನ ಬಾಯಲ್ಲಿಟ್ಟ ಅನುಮಾನಕ್ಕೆ ರನ್ನ ಕೊಟ್ಟ ಉತ್ತರವಿದು ಎಂದು ನಾನು ನಂಬಿದ್ದೇನೆ. ದುರ್ಯೋಧನನ ಛಲ ಎಂದು ನಾವು ಪಾಠ ಹೇಳುವುದರ ಬೇರು ಕರ್ಣನ ಶವದ ಬಳಿ ಇದೆ.

ಕುಮಾರವ್ಯಾಸನಲ್ಲಿ ಪ್ರಶ್ನೆಗೆ ಬರುವ ಉತ್ತರವೇ ಬೇರೆ. 'ಚಿತ್ತದೊಳಾದುದರಿವಿಲ್ಲ' (ನಿನ್ನ ಮನಸ್ಸಿಗೆ ಇದರ ಅರಿವಿಲ್ಲ) ಎಂದು ಕೃಷ್ಣ ಹೇಳುವಾಗ ಕರ್ಣನಿಗೆ ನಿಜಕ್ಕೂ ಏನೂ ತಿಳಿದಿಲ್ಲ. ಆ ಪದ್ಯ ಮುಗಿಯುವುದು 'ರವಿಸುತನ ಕಿವಿಯಲಿ ಬಿತ್ತಿದನು ಭಯವ' ಎಂದು. ಹಾಗಾಗಿ ವ್ಯಾಸರ ಕರ್ಣನ ಶಾಂತಿ ಇಲ್ಲಿ ಸಾಧ್ಯವೇ ಇಲ್ಲ. ಕೊರಳ ಸೆರೆ ಹಿಗ್ಗುತ್ತದೆ, ಕಣ್ಣೀರು ನುಗ್ಗುತ್ತದೆ. ಆ ಹೊತ್ತಿನಲ್ಲಿ ಅವನ ಮನಸ್ಸಿಗೆ ಮೊದಲು ಬರುವುದು ತಾಯಿಯೂ ಅಲ್ಲ, ಸಿಂಹಾಸನವೂ ಅಲ್ಲ: 'ಅಕಟಾ ಕುರುಪತಿಗೆ ಕೇಡಾದುದು'. ಭಾಮಿನಿ ಷಟ್ಪದಿಯ ಓಟ ಈ ತಲ್ಲಣಕ್ಕೆ ಎಷ್ಟು ಹೊಂದುತ್ತದೆ ಎಂಬುದು ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ಬಾಯಲ್ಲಿ ಕೇಳಿದಾಗಲೇ ಪೂರ್ತಿ ತಿಳಿಯುವುದು. 'ಕೌರವೇಂದ್ರನ ಕೊಂದೆ ನೀನು' ಎಂಬ ಮಾತಿಗೆ ಅಷ್ಟು ಬಲ ಬಂದಿರುವುದು, ತಿಳಿವು ಆ ಕ್ಷಣದಲ್ಲೇ ಏಟಾಗಿ ಬಿದ್ದಿರುವುದರಿಂದ.

ಹುಟ್ಟಿನ ಗುಟ್ಟು ಎಂದಾಗ ಗ್ರೀಕರ ಈಡಿಪಸ್ ನೆನಪಾಗುವುದು ಸಹಜ. ಆದರೆ ಸೊಫೊಕ್ಲಿಸ್‌ನ ಈಡಿಪಸ್ ತಾನೇ ಕೆದಕಿ ಕೆದಕಿ ಸತ್ಯ ಹೊರತೆಗೆಯುತ್ತಾನೆ. ಕುಮಾರವ್ಯಾಸನ ಕರ್ಣನಿಗೆ ಅದನ್ನು ಎದುರು ಪಕ್ಷದವನು ಆಯುಧವಾಗಿ ತಂದು ಕೊಡುತ್ತಾನೆ. ಹೋಲಿಕೆಯನ್ನು ಅಲ್ಲಿಗೆ ನಿಲ್ಲಿಸುತ್ತೇನೆ, ಎಳೆದರೆ ಹರಿಯುತ್ತದೆ.

ತರಗತಿಯಲ್ಲಿ ಈಗ ಒಂದು ಹಾಳೆಯನ್ನು ಉದ್ದುದ್ದ ಮಡಿಸಿ, ಪ್ರತಿ ಕಾವ್ಯಕ್ಕೆ ಒಂದು ಕಂಬಸಾಲು ಮಾಡಿಸುತ್ತೇನೆ. ಯಾರಿಗೆ ಗೊತ್ತು, ಯಾರು ಹೇಳಿದರು, ಕೇಳಿದವರು ಮೊದಲು ಆಡಿದ ಮಾತು ಯಾವುದು ಎಂಬುದನ್ನು ಮೂಲದ ಪದ್ಯದೊಡನೆ ಬರೆಯಬೇಕು, ವಿಶೇಷಣ ಬರೆಯುವಂತಿಲ್ಲ. ಸದ್ಯ ತುಂಬುತ್ತಿರುವುದು ಕುಂತಿಯ ಹಾಳೆ. ಎಲ್ಲ ಕಾವ್ಯಗಳಲ್ಲೂ ಮೊದಲಿನಿಂದ ಎಲ್ಲವನ್ನೂ ಬಲ್ಲವಳು ಅವಳೇ. ವ್ಯಾಸಭಾರತದ ಆದಿಪರ್ವದಲ್ಲಿ, ರಾಜಕುಮಾರರ ಶಸ್ತ್ರಪ್ರದರ್ಶನದ ದಿನ ಮಗನನ್ನು ಗುರುತಿಸಿ ಮೂರ್ಛೆ ಹೋಗುತ್ತಾಳೆ, ಎಚ್ಚರಾದ ಮೇಲೂ ಬಾಯಿ ಬಿಡುವುದಿಲ್ಲ. ಆ ಮೌನವನ್ನು ನಮ್ಮ ಕವಿಗಳು ಎಲ್ಲೆಲ್ಲಿ ಮುರಿದರು, ಯಾಕೆ ಮುರಿದರು ಎಂದು ವಿದ್ಯಾರ್ಥಿಗಳು ಪದ್ಯ ಹುಡುಕುತ್ತಿದ್ದಾರೆ.