ಶಿಫಾರಸು ಪತ್ರದ ಕೆಲಸ ಮೊದಲು ಮುಗಿಸಿ

ಹೊರದೇಶದಲ್ಲಿ ಎಂಎಸ್, ಪಿಎಚ್‌ಡಿಗೆ ಅರ್ಜಿ ಹಾಕುವವರು ಮೊದಲು ಶಿಫಾರಸು ಪತ್ರದ ಬೆನ್ನು ಹತ್ತಿ. ಅಮೆರಿಕದ ವಿಶ್ವವಿದ್ಯಾಲಯಗಳ ಬಹಳಷ್ಟು ವಿಭಾಗಗಳು 3 ಪತ್ರ ಕೇಳುತ್ತವೆ. ಗಡುವು ಹೆಚ್ಚಾಗಿ ಡಿಸೆಂಬರ್ ಆಸುಪಾಸಿನಲ್ಲೇ ಇರುತ್ತದೆ. ಉಳಿದದ್ದನ್ನು ರಾತ್ರಿ ಕೂತಾದರೂ ಮುಗಿಸಬಹುದು, ಇದು ಬೇರೆಯವರ ಕೈಯಲ್ಲಿರುವ ಕೆಲಸ ಅಲ್ವಾ?

ಪತ್ರ ಬರೆಯುವ ಮೇಷ್ಟ್ರಿಗೆ ಗಡುವಿಗಿಂತ 6 ವಾರ ಮೊದಲೇ ಹೇಳಿ. ಸುಮ್ನೆ "ಪತ್ರ ಬೇಕು ಸರ್" ಅಂದರೆ ಸಾಲದು. ಅವರ ಬಳಿ ಮಾಡಿದ ಪ್ರಾಜೆಕ್ಟಿನ ವಿವರ, ಅಂಕಪಟ್ಟಿ, ಯಾವ ಕಾಲೇಜಿಗೆ ಯಾವಾಗ ಕೊನೆಯ ದಿನ, ಎಲ್ಲ ಒಂದೇ ಮೇಲ್‌ನಲ್ಲಿ ಕಳಿಸಿ. ದೊಡ್ಡ ಹುದ್ದೆಯವರು ಬರೆದ ನಾಲ್ಕು ಸಾಲಿಗಿಂತ ನಿಮ್ಮ ಕೆಲಸ ಹತ್ತಿರದಿಂದ ನೋಡಿದವರ ಪತ್ರಕ್ಕೇ ತೂಕ ಜಾಸ್ತಿ. ನಾನು ಇದನ್ನು ತಡವಾಗಿ ಕಲಿತೆ.

ಹಾಂ, ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಅಂಕ 2 ವರ್ಷ ಮಾತ್ರ ನಡೆಯುತ್ತದೆ. ಉನ್ನತ ಓದಿನ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಅಂಕ 5 ವರ್ಷ.