ಸಂಘದ ಕಡತಗಳಿಗೆ ಕ್ವಾಂಟಮ್ ಕಾಲದ ಬೀಗ: ಸರ್ಕಾರದಿಂದ ಏನು ಸಿಗುತ್ತದೆ, ನಾವೇನು ಮಾಡಬೇಕು

ಶಿರಸಿ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. "ಕ್ವಾಂಟಮ್ ಕಂಪ್ಯೂಟರ್ ಬಂದರೆ ನಮ್ಮ ಲೆಕ್ಕವೆಲ್ಲ ಬಯಲಾಗ್ತದಂತೆ, ಸರ್ಕಾರ ಏನಾದ್ರೂ ಕೊಡ್ತದಾ?" ಎಂದು ಸಭೆಯಲ್ಲಿ ಒಬ್ಬ ಸದಸ್ಯರು ಕೇಳಿದರು. ಕ್ವಾಂಟಮ್ ಕಂಪ್ಯೂಟರ್ ಅಂದರೆ ಕೆಲವು ಲೆಕ್ಕಗಳನ್ನು ಈಗಿನ ಯಂತ್ರಗಳಿಗಿಂತ ಬಹಳ ಬೇಗ ಮಾಡಬಲ್ಲ ಹೊಸ ಬಗೆಯ ಯಂತ್ರ. ನಾನಿಲ್ಲಿ ಬೀಗ ಅನ್ನುವುದು ಮಾಹಿತಿಯನ್ನು ಬೇರೆಯವರು ಓದದಂತೆ ಗುಟ್ಟಾಗಿಸುವ ಗೂಢಲಿಪಿಗೆ (ಎನ್‌ಕ್ರಿಪ್ಶನ್). ಸಹಾಯ ಇದೆ, ಆದರೆ ಅದು ಸಂಘದ ಖಾತೆಗೆ ಬೀಳುವ ದುಡ್ಡಲ್ಲ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಸುಮಾರು 6,003 ಕೋಟಿ ರೂಪಾಯಿ ಸಂಶೋಧನೆಗೆ, ಸ್ಟಾರ್ಟಪ್‌ಗಳಿಗೆ. ನಮ್ಮಂಥವರಿಗೆ ಸಿಗುವುದು ಮಾರ್ಗಸೂಚಿ ಮತ್ತು ಕೇಳುವ ಹಕ್ಕು. ಎರಡನ್ನೂ ಬಳಸಿಕೊಳ್ಳಬೇಕು.

ಮೊದಲು ಸದಸ್ಯರ ಒಂದು ಕಡತ ಬಿಚ್ಚಿ ನೋಡಿ. ಪಹಣಿ, ಆಧಾರ್ ಪ್ರತಿ, ಸೊಪ್ಪಿನಬೆಟ್ಟದ ಕಾಗದ, ಸಾಲದ ಬಾಂಡು. ಇವು ಅಪ್ಪನಿಂದ ಮಗಳಿಗೆ ಹೋಗುವ ಕಾಗದಗಳು. ಇವತ್ತು ನೆಟ್‌ನಲ್ಲಿ ಸಾಗುವ ಪ್ರತಿಯನ್ನು ಯಾರೋ ಹಾಗೇ ಕದ್ದಿಟ್ಟುಕೊಂಡು, ಇಪ್ಪತ್ತು ವರ್ಷ ಬಿಟ್ಟು ಬಿಚ್ಚಬಹುದು. ನೆಟ್‌ನಲ್ಲಿ ಬಹಳ ಬಳಕೆಯಲ್ಲಿರುವ ಆರ್‌ಎಸ್‌ಎ ಥರದ ಬೀಗವನ್ನು ದೊಡ್ಡ ಕ್ವಾಂಟಮ್ ಯಂತ್ರ ಒಡೆಯಬಲ್ಲದು ಎಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಯಂತ್ರ ಬರಲಿ, ಆಮೇಲೆ ನೋಡೋಣ ಅನ್ನುವಂತಿಲ್ಲ.

ಆಮೇಲೆ ಪಟ್ಟಿ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2025ರ ಜುಲೈನಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇಂಥ ಪಟ್ಟಿ ಹೇಗಿರಬೇಕು ಎಂದಿದೆ, ಪುಕ್ಕಟೆ ಸಿಗುತ್ತದೆ. ನಾನು ಮಾಡಿದ್ದು ಸರಳ: ಮಾಹಿತಿ ಎಲ್ಲಿದೆ, ಯಾವ ಬೀಗ, ಎಷ್ಟು ವರ್ಷ ಗುಟ್ಟಾಗಿರಬೇಕು, ಬದಲಿಸುವ ಅಧಿಕಾರ ಯಾರದು. ಹದಿನೇಳು ಸಾಲು ಬಂತು. ಎಇಎಸ್-256 ಅನ್ನುವುದು ಬೇರೆ ಬಗೆಯ ಬೀಗ, ಕ್ವಾಂಟಮ್ ಯಂತ್ರಕ್ಕೂ ಸುಲಭಕ್ಕೆ ಬಗ್ಗದು; ಅದರಲ್ಲಿಟ್ಟ ಬ್ಯಾಕಪ್‌ಗೆ ಸದ್ಯ ಚಿಂತೆಯಿಲ್ಲ. ಆರ್‌ಎಸ್‌ಎ ಕಂಡಲ್ಲೆಲ್ಲ ಕೆಂಪು ಗುರುತು ಹಾಕಿದೆ.

ನೆಟ್‌ವರ್ಕಿನ ಹಳೇ ಪೆಟ್ಟಿಗೆಗಳನ್ನು, ಅಂದರೆ ನೆಟ್‌ನಿಂದ ಬರುವುದನ್ನು ಸೋಸುವ ಫೈರ್‌ವಾಲ್‌ನಂಥವನ್ನು, ಮಾತ್ರ ಮೊದಲೇ ಪರೀಕ್ಷಿಸಿ. 2024ರ ಬೇಸಿಗೆಯಲ್ಲಿ ಕ್ರೋಮ್ ಅಪ್‌ಡೇಟ್ ಆದ ಮೇಲೆ ನಮ್ಮಲ್ಲಿ ಕೆಲವು ವೆಬ್‌ಸೈಟು ತೆರೆಯದೆ ಸುಮ್ನೆ ಸುತ್ತುತ್ತಿದ್ದವು. ಫೈರ್‌ವಾಲ್ ಮಾರಿದವರು "ನಿಮ್ಮ ನೆಟ್ ಸರಿಯಿಲ್ಲ" ಎಂದರು. ಕೌಂಟರಿನಲ್ಲಿ ಜನ ಕಾಯುತ್ತಿದ್ದರು, ನನಗೆ ತುಂಬಾ ಬೇಸರವಾಯಿತು. ಕಾರಣ ಇಷ್ಟೇ: ಕ್ರೋಮ್ ಕ್ವಾಂಟಮ್ ಯಂತ್ರಕ್ಕೆ ಬಗ್ಗದ ಹೊಸ ಬೀಗ ಬಳಸತೊಡಗಿತ್ತು. ಹೊಸ ಬೀಗದ ಕೀ 1,184 ಬೈಟು, ಹಳೆಯದು 32. ಬ್ರೌಸರಿನ ಮೊದಲ ಮಾತೇ ಒಂದು ಪ್ಯಾಕೆಟ್‌ನಲ್ಲಿ ಹಿಡಿಸದೆ ಎರಡಾಗುತ್ತಿತ್ತು, ಹಳೇ ಫೈರ್‌ವಾಲ್ ಅದನ್ನು ತಡೆಯುತ್ತಿತ್ತು. ಕ್ರೋಮ್‌ನಲ್ಲಿ ಆ ಸೌಲಭ್ಯ ಆಫ್ ಮಾಡಿದರೆ ಎಲ್ಲ ತೆರೆಯಿತು. ಆದರೆ ಅದು ಪರಿಹಾರವಲ್ಲ, ಅಲ್ವಾ? ಫೈರ್‌ವಾಲಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಬದಲಿಸಿ ಮತ್ತೆ ಆನ್ ಮಾಡಿದೆ.

ಸ್ವಂತ ಸರ್ವರ್ ಇದ್ದರೆ ಖರ್ಚಿಲ್ಲದೆ ಜಾಸ್ತಿ ಕೆಲಸ ಆಗುತ್ತದೆ. ವೆಬ್ ಸಂಪರ್ಕಕ್ಕೆ ಬೀಗ ಹಾಕುವ ಪುಕ್ಕಟೆ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್ 3.5ರಲ್ಲಿ ಹೊಸ ಬೀಗಗಳಿವೆ. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ 10 ತಾನಾಗಿಯೇ ಎಂಎಲ್-ಕೆಮ್ ಎಂಬ ಹೊಸ ಬೀಗ ಬಳಸುತ್ತದೆ.

ಉಳಿದದ್ದು ನಮ್ಮ ಕೈಯಲ್ಲಿಲ್ಲ. 2022ರಲ್ಲಿ ಒಪ್ಪಿಗೆಯಾದ ಪ್ಯಾಕ್ಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಗಣಕೀಕರಣ ಯೋಜನೆಯ ತಂತ್ರಾಂಶ ನಬಾರ್ಡ್‌ನದು, ಅದರ ಬೀಗ ನಾವು ಬದಲಿಸಲಾಗದು. ಹಾಗಾಗಿ ಮಂಡಳಿಯ ಠರಾವು ಮಾಡಿಸಿ ಪತ್ರ ಬರೆಯಿರಿ. ನಮ್ಮ ಜಿಲ್ಲೆಯವರಿಗೆ ಜಿಲ್ಲಾ ಸಹಕಾರಿ ಬ್ಯಾಂಕಾದ ಕೆಡಿಸಿಸಿಯ ಪ್ರಧಾನ ಕಚೇರಿ ಶಿರಸಿಯಲ್ಲೇ ಇದೆ, ಅವರ ಮೂಲಕ ನಬಾರ್ಡ್‌ಗೆ ಕಳಿಸಿ. "ಕ್ವಾಂಟಮ್ ಸುರಕ್ಷತೆ ಕೊಡಿ" ಎಂದು ಬರೆದರೆ ಉತ್ತರ ಬರುವುದು ಕಷ್ಟ. ಎಂಎಲ್-ಕೆಮ್ ಯಾವ ವರ್ಷಕ್ಕೆ ಬರುತ್ತದೆ, ಡಿಜಿಟಲ್ ಸಹಿ ಯಾವಾಗ ಬದಲಾಗುತ್ತದೆ, ಆಗ ನಮ್ಮ ಹಳೇ ಪ್ರಿಂಟರ್, ಬಯೋಮೆಟ್ರಿಕ್ ಯಂತ್ರ ನಡೆಯುತ್ತವೆಯೇ ಎಂದು ಕೇಳಿ.

ಹೊಸ ಸಾಮಾನು ಕೊಳ್ಳುವಾಗ ಆರ್ಡರಿನಲ್ಲೇ ಒಂದು ಸಾಲು ಸೇರಿಸಿ: 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಪ್ರಕಟಿಸಿದ, ಹೊಸ ಬೀಗ ಮತ್ತು ಡಿಜಿಟಲ್ ಸಹಿಗಳ ಮಾನದಂಡಗಳಾದ ಫಿಪ್ಸ್ 203, 204, 205ರಲ್ಲಿ ಯಾವುದಕ್ಕೆ ಹೊಂದುತ್ತದೆ, ಬರೆದು ಕೊಡಬೇಕು. ಬರೆದು ಕೊಡದವರಿಂದ ಕೊಳ್ಳಬೇಡಿ.

ಪತ್ರದ ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಂಡು ಪಟ್ಟಿಯ ಜೊತೆ ಅದೇ ಫೈಲಿನಲ್ಲಿಡಿ. ಮುಂದಿನ ವರ್ಷ ನೆನಪೋಲೆ ಬರೆಯುವಾಗ ಆ ತಾರೀಕು ಬೇಕಾಗುತ್ತದೆ.